ಪದವಿಗೂ ಎಂ.ಎ.ಗೂ ನಡುವೆ ಒಂದು ಪರದೇಶ

ಪದವಿಯ ಕಡೆಯ ಪರೀಕ್ಷೆಯನ್ನು ಬರೆದು ಮುಗಿಸಿ, ಫಲಿತಾಂಶ ಇನ್ನೂ ಕೈಸೇರದೆ, ಮುಂದಿನ ವ್ಯಾಸಂಗಕ್ಕೆ ಅರ್ಜಿ ಹಾಕುವ ಕಾಲವೂ ಒದಗದೆ, ಜಗಲಿಯ ಮೇಲೆ ಕುಳಿತು ಆಷಾಢದ ಮಳೆಯನ್ನು ನೋಡುತ್ತಿರುವ ತರುಣ ತರುಣಿಯರು ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಕಾಫಿತೋಟಗಳ ನಡುವಣ ಊರುಗಳಲ್ಲಿ ಪ್ರತಿವರ್ಷವೂ ಕಾಣಸಿಗುವರು. ಇವರಲ್ಲಿ ಬಹುಪಾಲು ಮಂದಿ ಸಣ್ಣ ಹಿಡುವಳಿದಾರರ ಮಕ್ಕಳು. ಕೆಲವರು ತೋಟದ ರೈಟರುಗಳ, ಮೇಸ್ತ್ರಿಗಳ, ಅಂಗಡಿಯವರ ಮಕ್ಕಳು. ಹಿಂದೆ ಇವರು ಸೀದಾ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯಕ್ಕೋ ಮೈಸೂರಿಗೋ ಹೋಗಿ ಎಂ.ಎ. ಸೇರುತ್ತಿದ್ದರು, ಇಲ್ಲವೆ ಬೆಂಗಳೂರಿನ ಬಸ್ಸು ಹತ್ತುತ್ತಿದ್ದರು. ಈಚೆಗೆ ಇವರ ನಾಲಗೆಯ ಮೇಲೆ ಬೇರೊಂದು ಪ್ರಶ್ನೆ ಸುಳಿದಾಡತೊಡಗಿದೆ: ಒಂದು ವರ್ಷದ ಮಟ್ಟಿಗೆ ಹೊರದೇಶದ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸಿ, ನಾಲ್ಕು ಕಾಸು ಸಂಪಾದಿಸಿ, ಲೋಕವನ್ನು ಕಂಡು ಬಂದು, ಆಮೇಲೆ ಓದನ್ನು ಮುಂದುವರಿಸಬಹುದಲ್ಲವೆ?

ಬಹುಕಾಲ ಇಂಗ್ಲಿಷ್ ಪಾಠ ಹೇಳಿದವನೆಂಬ ಕಾರಣದಿಂದ ಈ ಪ್ರಶ್ನೆ ನನ್ನ ಬಳಿಗೆ ಮಕ್ಕಳಿಗಿಂತ ಹೆಚ್ಚಾಗಿ ತಂದೆತಾಯಿಯರ ಮೂಲಕವೇ ಬರುವುದು. "ಒಂದ್ ವರ್ಷ ಓದು ಬಿಟ್ರೆ ಮತ್ತೆ ಹುಡುಗ ಪುಸ್ತಕ ಹಿಡೀತಾನಾ ಮೇಷ್ಟ್ರೇ?" ಎಂದು ಅವರು ಕೇಳುವಾಗ ಆ ಮಾತಿನಲ್ಲಿರುವ ಆತಂಕ ನಿಜವಾದದ್ದು. ಗಳಿಕೆಯ ರುಚಿ ಹತ್ತಿದ ಮೇಲೆ ತರಗತಿಯ ಬೆಂಚು ಬೇಸರ ತರಿಸುವುದುಂಟು. ಆದರೂ, ಮನಸ್ಸಿನಲ್ಲಿ ಹಿಂದಿರುಗುವ ದಿನ ನಿಶ್ಚಯವಾಗಿದ್ದು, ಹೋಗುವ ದಾರಿ ನೇರವಾಗಿದ್ದಲ್ಲಿ, ಈ ಒಂದು ವರ್ಷವು ವ್ಯಾಸಂಗಕ್ಕೆ ವಿಘ್ನವಾಗದೆ ಅದಕ್ಕೆ ಪೀಠಿಕೆಯೇ ಆಗಬಲ್ಲುದೆಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕಿಂತಲೂ ಮುಖ್ಯವಾಗಿ, ಆ ಕೆಲಸಕ್ಕೆ ಬೇಕಾದ ತರಬೇತಿ ನಮ್ಮ ತೋಟಗಳಲ್ಲಿಯೇ, ಯಾವ ಶುಲ್ಕವೂ ಇಲ್ಲದೆ, ದೊರೆಯುವಂತಿದೆ. ಅದನ್ನು ಕಂಡವರು ಕಡಮೆ.

ಕಲಿಸುವುದಕ್ಕೂ ಕಲಿಯುವುದಕ್ಕೂ ನಡುವೆ ಹೀಗೆ ಹೋಗಿಬರುವುದು ಕನ್ನಡಿಗರಿಗೆ ಹೊಸದೇನೂ ಅಲ್ಲ. ಮೈಸೂರಿನ ಎ.ಕೆ. ರಾಮಾನುಜನ್ನರು ಕೊಲ್ಲಂ, ಮಧುರೆ, ಬೆಳಗಾವಿ, ಬರೋಡಾಗಳಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದು, ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನವನ್ನು ಅಭ್ಯಸಿಸಿ, 1959ರಲ್ಲಿ ಫುಲ್‌ಬ್ರೈಟ್ ವೇತನದ ಮೇಲೆ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯಕ್ಕೆ ಮರಳಿ ವಿದ್ಯಾರ್ಥಿಯಾಗಿಯೇ ತೆರಳಿದರು. ನಮ್ಮ ನೆರೆಯ ತೀರ್ಥಹಳ್ಳಿ ಸೀಮೆಯ ಮೇಳಿಗೆಯ ಯು.ಆರ್. ಅನಂತಮೂರ್ತಿಯವರೂ ಇಲ್ಲಿ ಇಂಗ್ಲಿಷ್ ಪಾಠ ಹೇಳಿದ ಮೇಲೆಯೇ ಕಾಮನ್‌ವೆಲ್ತ್ ವೇತನ ಪಡೆದು ಬರ್ಮಿಂಗ್‌ಹ್ಯಾಮಿಗೆ ಹೋಗಿ, 1966ರಲ್ಲಿ ಪಿಎಚ್.ಡಿ. ಪದವಿಯನ್ನು ಸಂಪಾದಿಸಿಕೊಂಡು ಬಂದರು. ಆ ತಲೆಮಾರು ಸ್ವದೇಶದಲ್ಲಿ ಕಲಿಸಿ ಪರದೇಶದಲ್ಲಿ ಕಲಿಯಿತು. ಈಗಿನವರು ಕೇಳುತ್ತಿರುವುದು ಪರದೇಶದಲ್ಲಿ ಕಲಿಸಿ ಸ್ವದೇಶದಲ್ಲಿ ಕಲಿಯುವ ಮಾರ್ಗವನ್ನು. ಅದಕ್ಕೂ ಪೂರ್ವನಿದರ್ಶನಗಳಿವೆ. ಇಥಿಯೋಪಿಯದ ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಿಂದ ಅಲ್ಲಿನ ಶಾಲೆಗಳಲ್ಲಿ ಭಾರತೀಯ ಶಿಕ್ಷಕರು ದುಡಿದರು. ಭೂತಾನವು ಆಧುನಿಕ ಶಾಲೆಗಳನ್ನು ಕಟ್ಟತೊಡಗಿದಾಗ ಕೇರಳ ಮೊದಲಾದೆಡೆಗಳಿಂದ ಹೋದವರು ಬೆಟ್ಟಗಳನ್ನು ಕಾಲ್ನಡೆಯಲ್ಲಿ ಹತ್ತಿ ಅಲ್ಲಿ ಪಾಠ ಹೇಳಿದರು. ಮಾಲ್ಡೀವ್ಸಿನ ದೂರದ ದ್ವೀಪಗಳ ಶಾಲೆಗಳಲ್ಲಿ ಇಂದಿಗೂ ನಮ್ಮ ದೇಶದ ಶಿಕ್ಷಕರಿದ್ದಾರೆ. ಆದರೆ ಇವೆಲ್ಲವೂ ಬಹುಮಟ್ಟಿಗೆ ಬಿ.ಎಡ್. ಮಾಡಿಕೊಂಡು ವೃತ್ತಿಯಲ್ಲಿ ನೆಲೆನಿಂತವರ ಕೆಲಸಗಳು. ಬರಿಯ ಬಿ.ಎ. ಪದವಿಯನ್ನು ಕೈಯಲ್ಲಿ ಹಿಡಿದು ಒಂದೇ ವರ್ಷಕ್ಕೆಂದು ಹೊರಡುವವನ ಕಣ್ಣು ಸಹಜವಾಗಿಯೇ ಪೂರ್ವದಿಕ್ಕಿಗೆ ತಿರುಗುತ್ತದೆ.

ಅಲ್ಲಿ ಎಲ್ಲ ಬಾಗಿಲುಗಳೂ ನಮಗೆ ತೆರೆದಿಲ್ಲವೆಂಬುದನ್ನು ಮೊದಲೇ ತಿಳಿದಿರುವುದು ಕ್ಷೇಮ. ಕೊರಿಯವು ಇಂಗ್ಲಿಷ್ ಬೋಧಕರಿಗೆ ಕೊಡುವ ಇ-2 ವೀಸಾ ಸಾಮಾನ್ಯವಾಗಿ ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಗಳೆಂಬ 7 ದೇಶಗಳ ಪ್ರಜೆಗಳಿಗೆ ಮೀಸಲು. ಚೀನವೂ ಹೆಚ್ಚುಕಡಮೆ ಇದೇ ನಿಯಮವನ್ನು ಪಾಲಿಸುತ್ತಿರುವುದಲ್ಲದೆ, 2021ರ ಜುಲೈ ತಿಂಗಳಲ್ಲಿ ಮಕ್ಕಳ ಮನೆಪಾಠದ ಉದ್ಯಮವನ್ನೇ ಬಿಗಿಯಾದ ಕಟ್ಟಳೆಗೆ ಒಳಪಡಿಸಿತು. ಜಪಾನಿನಲ್ಲಿ ಭಾಷೆ ಕಲಿಸಲು ಬರುವ ಬೋಧಕನು ಆ ಭಾಷೆಯ ಮಾಧ್ಯಮದಲ್ಲಿಯೇ 12 ವರ್ಷ ಓದಿರಬೇಕೆಂಬ ಷರತ್ತುಂಟು. ಉಳಿದವುಗಳಲ್ಲಿ ಥಾಯ್ಲೆಂಡು, ವಿಯೆಟ್ನಾಂ, ಕಾಂಬೋಡಿಯಗಳು ಮುಖ್ಯವಾದವು. ಅಲ್ಲಿಯೂ ಇಂಗ್ಲಿಷ್ ಮಾತೃಭಾಷೆಯಾದ ದೇಶದವರಿಗಿಂತ ನಮ್ಮವರಿಗೆ ಸಂಬಳ ಕಡಮೆ ಕೊಡುವ ರೂಢಿ ಇದೆ. ಜನ್ಮಸ್ಥಳವನ್ನು ನೋಡಿ ಯೋಗ್ಯತೆಯನ್ನು ಅಳೆಯುವ ಈ ಪದ್ಧತಿ ಅನ್ಯಾಯವೆಂದು ಹೇಳುವುದಕ್ಕೆ ನನಗೆ ಯಾವ ಸಂಕೋಚವೂ ಇಲ್ಲ.

ಏಕೆಂದರೆ, ಇನ್ನೊಂದು ಭಾಷೆಯನ್ನು ತಾಯ್ನುಡಿಯಂತೆ ಅನಾಯಾಸವಾಗಿ ಪಡೆದವನಿಗಿಂತ, ಅದನ್ನು ಒಂದೊಂದು ಮೆಟ್ಟಿಲಾಗಿ ಹತ್ತಿ ಗಳಿಸಿಕೊಂಡವನಿಗೆ ಯಾವ ಮೆಟ್ಟಿಲಿನಲ್ಲಿ ಕಾಲು ಜಾರುವುದೆಂಬುದು ಚೆನ್ನಾಗಿ ಗೊತ್ತಿರುತ್ತದೆ. ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುವ ಕ್ರಮ 2007-08ರಲ್ಲಿ ಬಂದಿತು. ಇಂದು ಪದವಿ ಮುಗಿಸುತ್ತಿರುವ ಕನ್ನಡ ಮಾಧ್ಯಮದ ಮಕ್ಕಳು ಆ ಕ್ರಮದಲ್ಲಿ ಕಲಿತವರು. ಜಪಾನಿನ ನಿಯಮದಂತೆ ಇವರು ಅನರ್ಹರು. ಆದರೆ ನಾಮಪದದ ಹಿಂದೆ ಬರುವ ಇಂಗ್ಲಿಷಿನ ಆ ಪುಟ್ಟ ಉಪಪದಗಳು ಕನ್ನಡದಲ್ಲಿಯೂ ಇಲ್ಲ, ಥಾಯ್ ಭಾಷೆಯಲ್ಲಿಯೂ ಇಲ್ಲ. ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕೆಂದು ಮೂಡಿಗೆರೆಯ ಹುಡುಗಿ ಪಟ್ಟ ಪಾಡನ್ನೇ ಚಿಯಾಂಗ್ ಮಾಯಿಯ ಹುಡುಗನೂ ಪಡುತ್ತಿರುತ್ತಾನೆ. ಇಂಗ್ಲಿಷ್ ಪದದ ಕೊನೆಯ ವ್ಯಂಜನಕ್ಕೆ ನಾವು ಒಂದು ಉಕಾರವನ್ನು ಅಂಟಿಸಿ ನಾಲಗೆಗೆ ಹಗುರ ಮಾಡಿಕೊಳ್ಳುತ್ತೇವೆ. ಥಾಯ್ ಮಕ್ಕಳು ಪದಾಂತ್ಯದ ಸಕಾರವನ್ನು ನುಂಗಿ ತಕಾರದಂತೆ ನಿಲ್ಲಿಸಿಬಿಡುತ್ತಾರೆ. ತೊಡಕಿರುವುದು ಒಂದೇ ಜಾಗದಲ್ಲಿ, ಬಿಡಿಸಿಕೊಂಡ ಬಗೆ ಮಾತ್ರ ಬೇರೆ. ಇದನ್ನು ಸ್ವಾನುಭವದಿಂದ ಅರಿತವನು ತರಗತಿಯಲ್ಲಿ ತಾಳ್ಮೆಗೆಡುವುದಿಲ್ಲ.

ಇನ್ನು ತರಬೇತಿಯ ವಿಚಾರ. ಹೊರದೇಶದ ತರಗತಿಯ ಮುಖ್ಯವಾದ ಕಷ್ಟವೆಂದರೆ ಗುರುವಿಗೂ ಶಿಷ್ಯನಿಗೂ ಸಮಾನವಾದ ಭಾಷೆಯೊಂದು ಇಲ್ಲದಿರುವುದು. ನಮ್ಮ ಶಾಲೆ ಕಾಲೇಜುಗಳಲ್ಲಿ ಇಂಗ್ಲಿಷ್ ಪಾಠವನ್ನು ಕನ್ನಡದಲ್ಲಿ ವಿವರಿಸಿ ಅಭ್ಯಾಸವಾದವರು, ಆ ಊರುಗೋಲು ಇಲ್ಲದಾಗ ದಿಕ್ಕುತಪ್ಪಿ ನಿಲ್ಲುವರು. ಆದರೆ ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಮೊದಲಾಗಿ ಮಾರ್ಚಿನ ವೇಳೆಗೆ ರೊಬಸ್ಟಾ ಕೊಯ್ಲು ಮುಗಿಯುವವರೆಗೆ ನಮ್ಮ ತೋಟಗಳ ಕೂಲಿಲೈನುಗಳಲ್ಲಿ ಅಂತಹ ತರಗತಿಗಳೇ ತಾವಾಗಿ ನಿರ್ಮಾಣವಾಗುತ್ತವೆ. ಅಸ್ಸಾಮಿನಿಂದ, ಝಾರ್ಖಂಡಿನಿಂದ, ತಮಿಳುನಾಡಿನಿಂದ ಕೆಲಸಕ್ಕೆ ಬಂದವರ ಮಕ್ಕಳು ಕನ್ನಡವನ್ನರಿಯರು. ನಮ್ಮ ಹುಡುಗರು ಅವರ ನುಡಿಯನ್ನರಿಯರು.

ಕಳಸದಿಂದ ಬಾಳೆಹೊಳೆಯ ಕಡೆಗೆ ಹೋಗುವ ದಾರಿಯ ತೋಟವೊಂದರಲ್ಲಿ, ಹಣ್ಣು ಅಳೆದು ಮುಗಿದ ಸಂಜೆ, ಪದವಿ ಮುಗಿಸಿದ ಹುಡುಗಿಯೊಬ್ಬಳು ಅಸ್ಸಾಮಿನ ನಾಲ್ಕಾರು ಮಕ್ಕಳನ್ನು ಲೈನಿನ ಮುಂದಿನ ಕಟ್ಟೆಯ ಮೇಲೆ ಕೂರಿಸಿಕೊಂಡು ಪಾಠ ಹೇಳುತ್ತಿದ್ದುದನ್ನು ನಾನು ದೂರದಿಂದ ನಿಂತು ನೋಡಿದೆ. ಅವಳ ಕೈಯಲ್ಲಿ ಪುಸ್ತಕವಿರಲಿಲ್ಲ. ಒಂದು ಕೊಯ್ಲಿನ ಬುಟ್ಟಿಯೂ ಒಂದು ಹಿಡಿ ಕೆಂಪು ಹಣ್ಣೂ ಇದ್ದವು. ಹಣ್ಣನ್ನು ಬುಟ್ಟಿಯೊಳಕ್ಕೆ ಹಾಕಿ ಒಂದು ವಾಕ್ಯ, ಬುಟ್ಟಿಯ ಕೆಳಗೆ ಅಡಗಿಸಿ ಇನ್ನೊಂದು ವಾಕ್ಯ, ಅದೂ ನಿಧಾನವಾಗಿ ಎರಡು ಸಲ, ಆಮೇಲೆ ಮೌನ. ಮಕ್ಕಳಲ್ಲಿ ಒಬ್ಬ ಬಾಯಿಬಿಟ್ಟು ಹೇಳುವ ತನಕ ಅವಳು ಸುಮ್ಮನೆ ಕಾದಳು. ಆ ಹುಡುಗನ ವಾಕ್ಯದಲ್ಲಿ ಒಂದು ಪದ ಬಿಟ್ಟುಹೋಗಿತ್ತು. ಅವಳು ತಪ್ಪೆಂದು ಹೇಳಲಿಲ್ಲ. ತನ್ನ ಎಡಗೈಯ ಬೆರಳುಗಳನ್ನು ಬಿಡಿಸಿ ಹಿಡಿದು, ಒಂದೊಂದು ಬೆರಳಿಗೆ ಒಂದೊಂದು ಪದವೆಂಬಂತೆ ಮುಟ್ಟುತ್ತ ಬಂದು, ಬಿಟ್ಟುಹೋದ ಪದದ ಬೆರಳನ್ನು ಮಾತ್ರ ಮಡಿಸಿ ತೋರಿಸಿದಳು. ಹುಡುಗ ಆ ಬೆರಳನ್ನೇ ದಿಟ್ಟಿಸಿ ನೋಡಿ, ವಾಕ್ಯವನ್ನು ಪೂರ್ತಿಯಾಗಿ ಹೇಳಿಬಿಟ್ಟ. ಬೋಧನಶಾಸ್ತ್ರದ ತರಗತಿಗಳಲ್ಲಿ ಈ ಬೆರಳಿನ ಉಪಾಯವನ್ನು ಪ್ರತ್ಯೇಕವಾಗಿ ಕಲಿಸುವುದುಂಟು. ಅವಳಿಗೆ ಅದನ್ನು ಯಾರು ಹೇಳಿಕೊಟ್ಟರೋ ನಾನು ಕೇಳಲಿಲ್ಲ.

ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಹೆಸರಿನಲ್ಲಿ ನಡೆಯುವ ಸೆಲ್ಟಾ ಎಂಬ ಪ್ರಮಾಣಪತ್ರದ ಶಿಕ್ಷಣದಲ್ಲಿ ಸುಮಾರು 120 ಗಂಟೆಗಳ ಪಾಠವೂ, ನಿಜವಾದ ವಿದ್ಯಾರ್ಥಿಗಳ ಮುಂದೆ ನಿಂತು ಕಲಿಸುವ 6 ಗಂಟೆಗಳ ಅಭ್ಯಾಸವೂ ಸೇರಿವೆ. ಅದಕ್ಕೆ ತಗಲುವ ಹಣ ಸಣ್ಣ ತೋಟದವನ ಮನೆಗೆ ಭಾರವೇ. 120 ಗಂಟೆಗಳದೆಂದು ಹೇಳಿಕೊಳ್ಳುವ ಅಗ್ಗದ ಆನ್‌ಲೈನ್ ಪ್ರಮಾಣಪತ್ರಗಳು ಬೇಕಾದಷ್ಟು ದೊರೆಯುತ್ತವೆ. ಕಡತಕ್ಕೆ ಅವು ಸಾಕಾದಾವು, ತರಗತಿಗೆ ಸಾಲವು. ಅಂತಹದನ್ನು ತೆಗೆದುಕೊಳ್ಳುವವನು ಒಂದು ಕೊಯ್ಲಿನ ಕಾಲವೆಲ್ಲ ಸಂಜೆಯ ಹೊತ್ತು ಲೈನಿನ ಮಕ್ಕಳಿಗೆ ಕಲಿಸಿದನಾದರೆ, ಆ ಪತ್ರಕ್ಕೆ ಜೀವ ಬಂದೀತು. ಆ ಮಕ್ಕಳಿಗೂ ಅಷ್ಟು ವಿದ್ಯೆ ದಕ್ಕೀತು.

ಕಾಗದಪತ್ರಗಳ ವಿಷಯದಲ್ಲಿ ನಮ್ಮ ಹುಡುಗರು ತೋರುವ ಉದಾಸೀನ ನನಗೆ ಭಯವನ್ನುಂಟುಮಾಡುತ್ತದೆ. ಥಾಯ್ಲೆಂಡು 2023ರ ನವೆಂಬರಿನಲ್ಲಿ ಭಾರತೀಯ ಪ್ರವಾಸಿಗಳಿಗೆ ವೀಸಾದ ವಿನಾಯಿತಿಯನ್ನು ಕೊಡತೊಡಗಿದ ಮೇಲೆ, "ಮೊದಲು ಹೋಗು, ಕೆಲಸ ಅಲ್ಲೇ ಹುಡುಕು" ಎಂಬ ಉಪದೇಶ ಹರಡಿದೆ. ಪ್ರವಾಸಿಯಾಗಿ ಹೋದವನು ಅಲ್ಲಿ ಸಂಬಳಕ್ಕೆ ಪಾಠ ಹೇಳಿದರೆ ಅದು ಅಪರಾಧ. ನಾನ್-ಇಮಿಗ್ರಂಟ್ ಬಿ ಎಂಬ ವೀಸಾ, ಕೆಲಸದ ಪರವಾನಗಿ, ಶಾಲೆಯ ಮುಖಾಂತರ ಅಲ್ಲಿನ ಶಿಕ್ಷಕರ ಪರಿಷತ್ತಾದ ಖುರುಸಫಾದಿಂದ ಪಡೆಯುವ ತಾತ್ಕಾಲಿಕ ಅನುಮತಿ, ಇಂಗ್ಲಿಷ್ ಸಾಮರ್ಥ್ಯದ ಪರೀಕ್ಷೆಯ ಅಂಕಪಟ್ಟಿ, ಪೊಲೀಸ್ ಇಲಾಖೆಯ ನಿರಪರಾಧ ಪತ್ರ, ಇವಿಷ್ಟೂ ಬೇಕು. ಎಲ್ಲಕ್ಕಿಂತ ಮೊದಲು ಬೇಕಾದುದು ಪದವಿಪತ್ರ. ಘಟಿಕೋತ್ಸವಕ್ಕೆ ಮುನ್ನ ಕೈಗೆ ಬರುವುದು ತಾತ್ಕಾಲಿಕ ಪತ್ರವಷ್ಟೆ. ಮೂಲಪತ್ರಕ್ಕೆ ರಾಜ್ಯ ಸರಕಾರದ ಮತ್ತು ವಿದೇಶಾಂಗ ಸಚಿವಾಲಯದ ದೃಢೀಕರಣ ಆಗುವಷ್ಟರಲ್ಲಿ ತಿಂಗಳುಗಳೇ ಉರುಳುವುದರಿಂದ, ಜೂನಿನಲ್ಲಿ ಪರೀಕ್ಷೆ ಮುಗಿಸಿದವನು ಅದೇ ಶ್ರಾವಣದಲ್ಲಿ ವಿಮಾನ ಹತ್ತುವ ಕನಸನ್ನು ಬಿಟ್ಟುಬಿಡುವುದು ಲೇಸು.

ಇಲ್ಲಿ ಮತ್ತೊಂದು ಸೂಕ್ಷ್ಮವಿದೆ. 1983ರ ವಲಸೆ ಕಾಯಿದೆಯಂತೆ, ಹತ್ತನೆಯ ತರಗತಿ ತೇರ್ಗಡೆಯಾಗದವರು ಕೆಲವು ನಿರ್ದಿಷ್ಟ ದೇಶಗಳಿಗೆ ಕೆಲಸಕ್ಕೆ ಹೋಗುವಾಗ ವಲಸೆ ಸಂರಕ್ಷಣಾಧಿಕಾರಿಯು ಅವರ ಕರಾರನ್ನು ಪರಿಶೀಲಿಸಿ ಅನುಮತಿ ಕೊಡಬೇಕು. ಪದವೀಧರನಿಗೆ ಅದರಿಂದ ವಿನಾಯಿತಿ. ಇದನ್ನು ಗೌರವವೆಂದು ಭಾವಿಸುವವರು, ತಮ್ಮ ಕರಾರನ್ನು ಯಾವ ಅಧಿಕಾರಿಯೂ ಓದಿ ನೋಡುವುದಿಲ್ಲವೆಂಬುದನ್ನು ಮರೆಯುತ್ತಾರೆ. ಓದಬೇಕಾದವನು ತಾನೇ. ನೋಂದಾಯಿತ ಏಜೆಂಟನು ತೆಗೆದುಕೊಳ್ಳಬಹುದಾದ ಸೇವಾಶುಲ್ಕಕ್ಕೆ ಜಿ.ಎಸ್.ಟಿ. ಬಿಟ್ಟು 30,000 ರೂಪಾಯಿಗಳ ಮಿತಿಯಿದೆ. ಲಕ್ಷಗಳ ಮಾತಾಡುವವನನ್ನು ಮನೆಯ ಮೆಟ್ಟಿಲು ಹತ್ತಿಸಬಾರದು. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸವೆಂದು ನಂಬಿಸಿ ಮ್ಯಾನ್ಮಾರಿನ ಮ್ಯಾವಡಿಗೆ ಕೊಂಡೊಯ್ದು ವಂಚನೆಯ ದಂಧೆಗೆ ದೂಡುವ ಜಾಲದ ಬಗ್ಗೆ ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರಿನಲ್ಲಿಯೇ ಎಚ್ಚರಿಸಿತ್ತು. ಆದರೂ 2025ರ ಮಾರ್ಚಿನಲ್ಲಿ ವಾಯುಪಡೆಯ ವಿಮಾನಗಳು ನೂರಾರು ಭಾರತೀಯರನ್ನು ಅಲ್ಲಿಂದ ಬಿಡಿಸಿ ತರಬೇಕಾಯಿತು. ಶಾಲೆಯ ಹೆಸರು, ವಿಳಾಸ, ಮುಖ್ಯೋಪಾಧ್ಯಾಯರ ಸಹಿಯುಳ್ಳ ಪತ್ರ, ಇವು ಕೈಸೇರುವ ಮುನ್ನ ಟಿಕೆಟ್ಟು ಕೊಳ್ಳುವುದು ಸರ್ವಥಾ ಸಲ್ಲದು. ಹುಡುಗಿಯರಾದರೆ ವಸತಿಯ ಏರ್ಪಾಡನ್ನೂ ಬರಹದಲ್ಲಿ ಪಡೆದಿರಬೇಕು.

ಹಣದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಟಿಕೆಟ್ಟು, ದೃಢೀಕರಣ, ಮೊದಲ ಸಂಬಳ ಬರುವ ತನಕದ ಊಟ ವಸತಿ ಇವುಗಳ ವೆಚ್ಚ ಕಳೆದರೆ ಒಂದು ವರ್ಷದ ದುಡಿಮೆಯಲ್ಲಿ ಮಿಗುವುದು ಅತ್ಯಲ್ಪ. ಸಾಲ ಮಾಡಿ ಹೋಗುವುದು ಯಾವ ಲೆಕ್ಕದಿಂದಲೂ ಸರಿಯಲ್ಲ.

ಕಾಲದ ಲೆಕ್ಕಾಚಾರ ಮಾತ್ರ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಥಾಯ್ ಶಾಲೆಗಳು ಮೇ ಮಧ್ಯಭಾಗದಲ್ಲಿ ತೆರೆದು, ಅಕ್ಟೋಬರಿನಲ್ಲಿ ಬಿಡುವು ಕೊಟ್ಟು, ನವೆಂಬರಿನಿಂದ ಮಾರ್ಚಿನವರೆಗೆ ಎರಡನೆಯ ಅವಧಿಯನ್ನು ನಡೆಸುತ್ತವೆ. ಪದವಿ ಮುಗಿದ ವರ್ಷದ ಮಳೆಗಾಲವನ್ನು ಕಾಗದಪತ್ರಗಳಿಗೂ, ಕೊಯ್ಲಿನ ಕಾಲವನ್ನು ತೋಟದ ಕೆಲಸಕ್ಕೂ ಲೈನಿನ ಮಕ್ಕಳ ಪಾಠಕ್ಕೂ ವಿನಿಯೋಗಿಸಿ, ಹೂಮಳೆ ಬಿದ್ದು ತೋಟ ಬೆಳ್ಳಗಾಗುವ ಹೊತ್ತಿಗೆ ಕರಾರನ್ನು ಕೈಯಲ್ಲಿ ಹಿಡಿದು, ಮೇ ತಿಂಗಳಲ್ಲಿ ಹೊರಟವನು ಮರುವರ್ಷ ಮಾರ್ಚಿನ ಕೊನೆಗೆ ಹಿಂದಿರುಗಬಹುದು. ನಮ್ಮ ವಿಶ್ವವಿದ್ಯಾನಿಲಯಗಳು ಕೊಟ್ಟ ಪ್ರವೇಶವನ್ನು ಒಂದು ವರ್ಷ ಮುಂದೂಡುವ ಸೌಕರ್ಯವನ್ನು ಸಾಮಾನ್ಯವಾಗಿ ಒದಗಿಸುವುದಿಲ್ಲವಾದ್ದರಿಂದ, ಸೀಟು ಪಡೆದು ಬಿಡುವುದಕ್ಕಿಂತ ಬಂದ ಮೇಲೆ ಅರ್ಜಿ ಹಾಕುವುದೇ ಮೇಲು. ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಸ್ನಾತಕೋತ್ತರ ಪ್ರವೇಶಪರೀಕ್ಷೆ ಈಚಿನ ವರ್ಷಗಳಲ್ಲಿ ಮಾರ್ಚಿನಲ್ಲಿ ನಡೆಯುತ್ತಿದೆ. ಅದನ್ನು ಬರೆಯುವ ಇಚ್ಛೆಯುಳ್ಳವರು ಕರಾರಿಗೆ ಸಹಿ ಹಾಕುವಾಗಲೇ ಆ ರಜೆಯನ್ನು ಕೇಳಿಕೊಳ್ಳಬೇಕು. ಟಿ.ಸಿ., ಮೈಗ್ರೇಷನ್ ಪತ್ರಗಳನ್ನು ಹೊರಡುವ ಮುನ್ನವೇ ತೆಗೆದಿಟ್ಟುಕೊಂಡು, ಶಾಲೆಯಿಂದ ಸೇವಾಪತ್ರವನ್ನು ಪಡೆದು ಬಂದರೆ, ಓದು ಬಿಟ್ಟ ವರ್ಷಗಳಿಗೆ ಕಾಲೇಜುಗಳು ಕೇಳುವ ಗ್ಯಾಪ್ ಸರ್ಟಿಫಿಕೇಟಿನ ತೊಡಕು ಸುಲಭವಾಗಿ ಪರಿಹಾರವಾಗುವುದು.

ಬಂದವರು ಎಲ್ಲಿ ಓದಬೇಕು? ಹೈದರಾಬಾದಿನಲ್ಲಿ 1958ರಲ್ಲಿ ಆರಂಭವಾಗಿ, ಮುಂದೆ ವಿ.ಕೃ. ಗೋಕಾಕರು ನಿರ್ದೇಶಕರಾಗಿದ್ದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಇಂದು ಇಫ್ಲು ಎಂಬ ವಿಶ್ವವಿದ್ಯಾನಿಲಯವಾಗಿ, ಇಂಗ್ಲಿಷ್ ಬೋಧನೆಯನ್ನೇ ಒಂದು ಶಾಸ್ತ್ರವಾಗಿ ಕಲಿಸುತ್ತಿದೆ. ಪರದೇಶದ ತರಗತಿಯಲ್ಲಿ ನಿಂತು ಬಂದವನಿಗೆ ಅಲ್ಲಿನ ಪಾಠಗಳು ಬರಿಯ ಸಿದ್ಧಾಂತವಾಗಿ ತೋರಲಾರವು. ಸಾಹಿತ್ಯದಲ್ಲಿ ಆಸಕ್ತರಾದವರಿಗೆ ಶಂಕರಘಟ್ಟವೂ ಮಾನಸಗಂಗೋತ್ರಿಯೂ ಇವೆ. ಕಲಿಸುವ ಕೆಲಸವೇ ತನಗೆ ಒಪ್ಪುವುದೆಂದು ಆ ವರ್ಷದಲ್ಲಿ ಮನಗಂಡವರು 2 ವರ್ಷಗಳ ಬಿ.ಎಡ್. ಸೇರಬಹುದು. ಭಾರತಕ್ಕೂ ಕೊರಿಯಕ್ಕೂ ನಡುವೆ 2010ರ ಜನವರಿ 1ರಂದು ಜಾರಿಗೆ ಬಂದ ಆರ್ಥಿಕ ಸಹಭಾಗಿತ್ವದ ಒಪ್ಪಂದದಲ್ಲಿ, ಶಿಕ್ಷಕ ಅರ್ಹತೆಯುಳ್ಳ ಭಾರತೀಯ ಪದವೀಧರರು ಅಲ್ಲಿನ ಶಾಲೆಗಳಲ್ಲಿ ಇಂಗ್ಲಿಷಿನ ಸಹಾಯಕ ಬೋಧಕರಾಗಲು ಅವಕಾಶ ಕಲ್ಪಿಸಲಾಗಿರುವುದರಿಂದ, ಬರಿಯ ಬಿ.ಎ. ಹಿಡಿದು ಹೋದಾಗ ಮುಚ್ಚಿದ್ದ ಇ-2 ವೀಸಾದ ಬಾಗಿಲನ್ನು ಬಿ.ಎಡ್. ಮುಗಿಸಿದ ಮೇಲೆ ಮತ್ತೊಮ್ಮೆ ತಟ್ಟಬಹುದು.