ಸದ್ದಿಲ್ಲದಾಗಲೂ ಹರಿಯುವ ವಿದ್ಯುತ್ತು

ಶಾಲಾ ವಾರ್ಷಿಕೋತ್ಸವದಲ್ಲಿ ಮೈಕಿನ ಮುಂದೆ ಮಗು ಹಾಡುತ್ತದೆ. ಮೈಕಿನಿಂದ ಹೊರಡುವ ವಿದ್ಯುತ್ ಸಂಕೇತ ಕೆಲವೇ ಮಿಲಿವೋಲ್ಟ್‌ಗಳಷ್ಟು ದುರ್ಬಲ. ಅದನ್ನು ಹಿಗ್ಗಿಸುವುದು ಆಂಪ್ಲಿಫೈಯರ್‌ನಲ್ಲಿರುವ ಟ್ರಾನ್ಸಿಸ್ಟರಿನ ಕೆಲಸ.

ಆದರೆ ಸಿಲಿಕಾನ್ ಟ್ರಾನ್ಸಿಸ್ಟರಿನ ಬೇಸ್ ಮತ್ತು ಎಮಿಟರ್ ನಡುವೆ ಸುಮಾರು 0.6ರಿಂದ 0.7 ವೋಲ್ಟ್ ಇಲ್ಲದಿದ್ದರೆ ಅದರಲ್ಲಿ ವಿದ್ಯುತ್ತು ಹರಿಯುವುದೇ ಇಲ್ಲವೆನ್ನಬಹುದು. ಮೈಕಿನ ಸಂಕೇತ ಇದಕ್ಕೆ ಎಲ್ಲಿ ಸಾಕು? ಸಂಕೇತ ಪ್ರಬಲವಾಗಿದ್ದರೂ ತೊಂದರೆ ತಪ್ಪದು. ಧ್ವನಿಯ ಅಲೆ ಧನ, ಋಣ ಎರಡೂ ಕಡೆಗೆ ಏರಿಳಿಯುತ್ತದೆ. ಎನ್‌ಪಿಎನ್ ಟ್ರಾನ್ಸಿಸ್ಟರಿನಲ್ಲಿ ಋಣಭಾಗ ಪೂರ್ತಿ ಕತ್ತರಿಸಿಹೋಗಿ ಹಾಡು ಒಡಕಾಗುತ್ತದೆ.

ಇದಕ್ಕೆ ಪರಿಹಾರವೇ ಡಿ.ಸಿ. ಬಯಾಸ್. ಏಣಿಯ ನಡುವೆ ನಿಂತವನು ಮೇಲಕ್ಕೂ ಹತ್ತಬಲ್ಲ, ಕೆಳಕ್ಕೂ ಇಳಿಯಬಲ್ಲ. ನೆಲದ ಮೇಲಿರುವವನು ಇಳಿಯುವುದೆಲ್ಲಿಗೆ? ಹಾಗೆಯೇ, ಎರಡು ರೋಧಕಗಳು ಬ್ಯಾಟರಿಯ ವೋಲ್ಟೇಜನ್ನು ಹಂಚಿ, ಬೇಸಿಗೆ ಬೇಕಾದಷ್ಟನ್ನು ಮೊದಲೇ ಒದಗಿಸುತ್ತವೆ. 9 ವೋಲ್ಟಿನ ಬ್ಯಾಟರಿಯಿದ್ದರೆ, ಹಾಡಿಲ್ಲದಾಗ ಕಲೆಕ್ಟರ್ ಸಾಮಾನ್ಯವಾಗಿ 4.5 ವೋಲ್ಟಿನ ಆಸುಪಾಸಿನಲ್ಲಿರುವಂತೆ ನೋಡಿಕೊಳ್ಳುತ್ತಾರೆ. ಆಗ ಅಲೆಯ ಎರಡೂ ಭಾಗಗಳಿಗೆ ಜಾಗ ಸಿಗುತ್ತದೆ.

ಬಯಾಸ್ ಅತಿಯಾದರೂ ಅಪಾಯವೇ. ಟ್ರಾನ್ಸಿಸ್ಟರ್ ಬಿಸಿಯಾದಂತೆ ಅದೇ ಬಯಾಸಿಗೆ ಹೆಚ್ಚು ವಿದ್ಯುತ್ತು ಹರಿಯುತ್ತದೆ, ಅದರಿಂದ ಇನ್ನಷ್ಟು ಬಿಸಿ, ಕೊನೆಗೆ ಸುಟ್ಟೂಹೋಗಬಹುದು. ಎಮಿಟರಿಗೆ ಜೋಡಿಸುವ ಸಣ್ಣ ರೋಧಕ ಇದನ್ನು ತಡೆಯುತ್ತದೆ. ವಿದ್ಯುತ್ತು ಹೆಚ್ಚಿದಂತೆ ಅದರಲ್ಲಿನ ವೋಲ್ಟೇಜೂ ಹೆಚ್ಚಿ, ಬೇಸ್-ಎಮಿಟರ್ ನಡುವಿನ ವೋಲ್ಟೇಜನ್ನು ತಗ್ಗಿಸುತ್ತದೆ.

ಪರೀಕ್ಷೆಗೆಂದು ಮಂಡಲದ ಚಿತ್ರವನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗಳು ಒಂದೊಂದು ರೋಧಕವನ್ನೂ 'ನೀನೇಕೆ ಇಲ್ಲಿ?' ಎಂದು ಕೇಳಿ ನೋಡಲಿ. ಅದನ್ನು ತೆಗೆದರೆ ಹಾಡು ಏನಾಗುತ್ತದೆಂದು ತಿಳಿದವರಿಗೆ ಚಿತ್ರ ಮರೆಯದು.