ಮಗು ಗುಣವಾಯಿತೆಂದು ಹೇಳುವವರು ಯಾರು?

ಜ್ವರ ಬಂದ ಮಗುವಿಗೆ ಥರ್ಮಾಮೀಟರು ಇಟ್ಟು ನೋಡಿದರೆ ಸಾಕು. ಅಂಕೆ ಇಳಿದರೆ ಮನೆಮಂದಿಯ ಎದೆಯ ಭಾರವೂ ಇಳಿಯುತ್ತದೆ. ಆದರೆ ಕಾರಣವಿಲ್ಲದೆ ಅಂಜುವ, ಶಾಲೆಯೆಂದೊಡನೆ ಹೊಟ್ಟೆನೋವೆನ್ನುವ ಹುಡುಗನ ಮನಸ್ಸಿಗೆ ಯಾವ ಥರ್ಮಾಮೀಟರು ಹಿಡಿಯುವುದು? ಕೆಲವು ತಿಂಗಳ ಚಿಕಿತ್ಸೆಯಾದ ಮೇಲೆ ವೈದ್ಯರು ವಿಚಾರಿಸಿದರೆ, “ಈಗ ಎಷ್ಟೋ ವಾಸಿ” ಎನ್ನುತ್ತಾರೆ ತಾಯಿ. “ಏನೂ ಬದಲಾಗಿಲ್ಲ” ಎನ್ನುತ್ತಾರೆ ಉಪಾಧ್ಯಾಯರು. ಹುಡುಗ ನೆಲ ನೋಡುತ್ತಾನೆ.

ಇಂಥ ಮಕ್ಕಳಿಗಾಗಿ ಲಂಡನ್ನಿನ ಮನೋವೈದ್ಯ ರಾಬರ್ಟ್ ಗುಡ್‌ಮನ್ ಅವರು 1997ರಲ್ಲಿ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಅದರಲ್ಲಿರುವುದು 25 ಅಂಶಗಳು ಮಾತ್ರ. ಅಂಜಿಕೆ, ಸಿಟ್ಟು, ಚಡಪಡಿಕೆ, ಗೆಳೆಯರೊಡನೆ ಹೊಂದದಿರುವುದು—ಈ ತೊಂದರೆಗಳ 20 ಅಂಶಗಳ ಅಂಕಗಳನ್ನು ಕೂಡಿದರೆ ಮೊತ್ತ 0ಯಿಂದ 40ರ ಒಳಗೆ ಬರುತ್ತದೆ. ಉಳಿದ ಐದು, ಮಗುವಿನ ದಯೆ, ಸಹಾಯಬುದ್ಧಿಗಳನ್ನು ಕುರಿತವು. ಕಾಯಿಲೆಯ ಲೆಕ್ಕದ ನಡುವೆ ಒಳ್ಳೆಯ ಗುಣಕ್ಕೂ ಒಂದು ಸ್ಥಳ ದೊರೆತುದು ಸಣ್ಣ ಸಂಗತಿಯಲ್ಲ. ಕನ್ನಡದಲ್ಲಿಯೂ ಲಭ್ಯವಿರುವ ಈ ಪ್ರಶ್ನಾವಳಿಯನ್ನು ತಂದೆತಾಯಿಗಳೂ ಉಪಾಧ್ಯಾಯರೂ ಬೇರೆಬೇರೆಯಾಗಿ ತುಂಬುತ್ತಾರೆ. 11 ವರ್ಷ ತುಂಬಿದ ಮಕ್ಕಳು ತಾವೂ ತುಂಬಬಹುದು.

ಇವರ ಉತ್ತರಗಳು ಒಂದಕ್ಕೊಂದು ತಾಳೆಯಾಗುವುದೇ ಅಪರೂಪ! ಅಮೆರಿಕದ ಥಾಮಸ್ ಆಕೆನ್‌ಬಾಕ್ ಮತ್ತು ಅವರ ಸಂಗಡಿಗರು 1987ರಲ್ಲಿ 119 ಅಧ್ಯಯನಗಳನ್ನು ಒಟ್ಟುಗೂಡಿಸಿ ಇದನ್ನು ಅಳೆದರು. ಪೂರ್ಣ ಹೊಂದಿಕೆಯನ್ನು 1 ಎಂದಿಟ್ಟುಕೊಂಡರೆ, ತಂದೆ ತಾಯಿಗಳಂತೆ ಒಂದೇ ಬಗೆಯ ಸಂಬಂಧವುಳ್ಳವರ ಅಭಿಪ್ರಾಯಗಳ ನಡುವೆ ಸುಮಾರು 0.6, ಮನೆಯವರು ಮತ್ತು ಉಪಾಧ್ಯಾಯರಂಥ ಬೇರೆ ಬಗೆಯವರ ನಡುವೆ 0.28, ಮಕ್ಕಳ ಮಾತಿಗೂ ಇತರರ ಮಾತಿಗೂ 0.22 ಮಾತ್ರ. ಯಾರೋ ಸುಳ್ಳು ಹೇಳಿದರೆಂದು ಇದರ ಅರ್ಥವಲ್ಲ. ತಾಯಿ ಕಾಣುವುದು ಮನೆಯೊಳಗಿನ ಮಗುವನ್ನು; ಉಪಾಧ್ಯಾಯರು ಕಾಣುವುದು ತರಗತಿಯ ಗದ್ದಲದ ನಡುವಿನ ಮಗುವನ್ನು; ರಾತ್ರಿ ನಿದ್ದೆಬಾರದೆ ಹೊರಳಿದುದು ಮಗುವಿಗೆ ಮಾತ್ರ ಗೊತ್ತು. ಮನೆಯ ಮಾತೊಂದನ್ನೇ ನಂಬಿ ಚಿಕಿತ್ಸೆ ನಿಲ್ಲಿಸಿಬಿಟ್ಟರೆ, ಶಾಲೆಯಲ್ಲಿ ಅದನ್ನು ಕಾಡುತ್ತಿರುವುದೇನೆಂದು ಕೇಳುವವರೇ ಇಲ್ಲದಾಗುತ್ತದೆ.

ಇನ್ನೊಂದು ಎಚ್ಚರಿಕೆಯೂ ಬೇಕು. ತೊಂದರೆ ಮಿತಿಮೀರಿದಾಗಲೇ ವೈದ್ಯರಲ್ಲಿಗೆ ಹೋಗುವುದು ನಮ್ಮ ಕುಟುಂಬಗಳ ವಾಡಿಕೆ. ಆ ಉಬ್ಬರ ಎಷ್ಟೋ ಸಲ ತಾನಾಗಿಯೂ ಕೊಂಚ ಇಳಿಯುತ್ತದೆ; ಇಳಿದುದೆಲ್ಲ ಮದ್ದಿನ ಮಹಿಮೆಯಲ್ಲ.

ಆದುದರಿಂದ ಬ್ರಿಟನ್ನಿನ ಅನೇಕ ಚಿಕಿತ್ಸಾಲಯಗಳಲ್ಲಿ ಪ್ರಶ್ನಾವಳಿಯ ಜೊತೆಗೆ, ಏನಾಗಬೇಕೆಂದು ಮಗುವನ್ನೇ ಕೇಳುವ ಪದ್ಧತಿಯುಂಟು. ಮಗು ಹೇಳಿದ ಮೂರು ಗುರಿಗಳವರೆಗೆ ಬರೆದುಕೊಂಡು, ಎಷ್ಟು ಹತ್ತಿರ ಬಂದಿತೆಂದು 0ಯಿಂದ 10ರವರೆಗೆ ಆಗಾಗ ಗುರುತಿಸುತ್ತಾರೆ. ತಂದೆಯ ಗುರಿ ಪರೀಕ್ಷೆಯ ಅಂಕಗಳಾಗಿರಬಹುದು. ಮಧ್ಯಾಹ್ನ ಊಟದ ಡಬ್ಬಿ ತೆರೆದಾಗ ಪಕ್ಕದಲ್ಲಿ ಯಾರಾದರೊಬ್ಬರು ಬಂದು ಕೂರಬೇಕೆಂಬುದು ಹುಡುಗನ ಗುರಿಯಾಗಿರಬಹುದು.