ಅರಿಶಿನದ ಕೊಂಬಿಗೆ ರಬ್ಬರ್ ಅಂಗಿ

ಅಚ್ಚು ತೆಗೆಯುವ ಪಾಠಕ್ಕೆ ಬೇಯಿಸಿ ಒಣಗಿಸಿದ ಅರಿಶಿನದ ಕೊಂಬು ಹಿಡಿದು ತರಗತಿಗೆ ಹೋಗುತ್ತೇನೆ. ಗುಂಡ್ಲುಪೇಟೆ ಸೀಮೆಯ ಮಕ್ಕಳಿಗೆ ಅದನ್ನು ಪರಿಚಯಿಸಬೇಕಿಲ್ಲ. ಕವಲು, ಗೆಣ್ಣು, ಒಳಸರಿದ ಸಂದು ಎಲ್ಲವೂ ಅದರಲ್ಲಿವೆ. ಪ್ಲಾಸ್ಟರಿನಲ್ಲೇ ಅಚ್ಚು ಮಾಡಿದರೆ ಅದು ಸಂದಿಯೊಳಗೆ ಬಿಗಿದು ಕೂರುತ್ತದೆ; ಕೊಂಬನ್ನಾದರೂ ಮುರಿಯಬೇಕು, ಅಚ್ಚನ್ನಾದರೂ ಒಡೆಯಬೇಕು. ಬಗ್ಗುವ ಅಚ್ಚಿನ ಅಗತ್ಯ ಅಲ್ಲೇ ಗೊತ್ತಾಗುತ್ತದೆ.

ಕೊಂಬನ್ನು ಜೇಡಿಮಣ್ಣಿನಲ್ಲಿ ಅರ್ಧ ಹುದುಗಿಸಿ, ಮೇಲ್ಭಾಗಕ್ಕೆ ರಬ್ಬರ್ ಹಾಲು ಬಳಿಯುತ್ತೇವೆ. ಅಮೋನಿಯಾ ವಾಸನೆ ಮೂಗಿಗೆ ಹೊಡೆಯುತ್ತದೆ, ಕಿಟಕಿ ತೆರೆದಿರಬೇಕು. ಬ್ರಷ್ಷನ್ನು ಮೊದಲು ಸೋಪಿನ ನೀರಿಗೆ ಅದ್ದದಿದ್ದರೆ ಅದರ ಆಯುಸ್ಸು ಅಂದಿಗೇ ಮುಗಿಯಿತು. ಒಂದು ಪದರ ಒಣಗಿದ ಮೇಲೇ ಇನ್ನೊಂದು. ಚರ್ಮದಷ್ಟು ದಪ್ಪವಾದಾಗ ಪೌಡರ್ ಉದುರಿಸಿ ಸುಲಿದರೆ ಸಂದಿನಿಂದಲೂ ಬಗ್ಗಿ ಹೊರಬರುತ್ತದೆ.

ಈ ರಬ್ಬರ್ ಅಚ್ಚಿಗೆ ಸುರಿಯುವ ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂದರೆ ಕಾಯಿಸಿ ಮುಕ್ಕಾಲು ಪಾಲು ನೀರು ಕಳೆದ ಜಿಪ್ಸಮ್. ನೀರಿಗೆ ಪುಡಿ ಉದುರಿಸಬೇಕು, ಪುಡಿಗೆ ನೀರು ಸುರಿದರೆ ಗಂಟು. ಕಳೆದ ನೀರನ್ನು ಮರಳಿ ಪಡೆಯುತ್ತಾ ಗಟ್ಟಿಯಾಗುವಾಗ ಶಾಖ ಬಿಡುತ್ತದೆ.

"ಸಾ, ಬಿಸಿ ಆಯ್ತಾ ಅದೆ!"

ಅದಕ್ಕೇ ದಪ್ಪ ಪ್ಲಾಸ್ಟರಿನಲ್ಲಿ ಕೈ ಹುದುಗಿಸಬಾರದು, ಚರ್ಮ ಸುಟ್ಟೀತು. ಕೈಯ ಅಚ್ಚಿಗೆ ಹಲ್ಲಿನ ಡಾಕ್ಟರು ಬಳಸುವ ಆಲ್ಜಿನೇಟ್ ಇದೆ, ಕಡಲ ಪಾಚಿಯಿಂದ ಬಂದದ್ದು. ಅದು ಬೇಗ ನೀರು ಬಿಟ್ಟು ಕುಗ್ಗುವುದರಿಂದ ಕೂಡಲೇ ಪ್ಲಾಸ್ಟರ್ ಸುರಿಯಬೇಕು. ಒಂದು ಅಚ್ಚಿಗೆ ಸಾಮಾನ್ಯವಾಗಿ ಒಂದೇ ಪ್ರತಿ. ರಬ್ಬರಿನದು ಹಲವು ಪ್ರತಿ ಕೊಡುತ್ತದೆ.

ಪಕ್ಕದ ಬಂಡೀಪುರದ ಕಾಡಿನಲ್ಲಿ ಹುಲಿಯ ಹೆಜ್ಜೆಗೆ ಅಚ್ಚಾಗಿದ್ದದ್ದು ಮಣ್ಣು. 1973ರಲ್ಲಿ ಹುಲಿ ಯೋಜನೆಗೆ ಸೇರಿದ ಮೊದಲ ಒಂಬತ್ತು ಕಾಡುಗಳಲ್ಲಿ ಅದೂ ಒಂದು. ದೇಶದ ಹುಲಿ ಎಣಿಕೆಗೆ ದಶಕಗಳ ಕಾಲ ಹೆಜ್ಜೆಗುರುತೇ ಆಧಾರ: ಗಾಜಿನ ಮೇಲೆ ಗೆರೆ ಎಳೆದುಕೊಳ್ಳುವುದು, ಪ್ಲಾಸ್ಟರ್ ಸುರಿದು ಎತ್ತಿಕೊಳ್ಳುವುದು. ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧರಿ ರೂಪಿಸಿದ ಕ್ರಮವದು. ನಮ್ಮ ರಾಜ್ಯದ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ತಕರಾರು ತೆಗೆದರು: ಒಂದೇ ಹುಲಿಯ ಪಂಜ ಕೆಸರಿನಲ್ಲಿ ಒಂದು ಆಕಾರ, ಧೂಳಿನಲ್ಲಿ ಇನ್ನೊಂದು. 2006ರ ರಾಷ್ಟ್ರೀಯ ಗಣತಿಯಿಂದ ಹೆಜ್ಜೆಗುರುತಿನ ಜಾಗಕ್ಕೆ ಕ್ಯಾಮೆರಾಗಳು ಬಂದವು. ಪ್ಲಾಸ್ಟರಿನ ತಪ್ಪೇನಿಲ್ಲ ಎನ್ನುತ್ತೇನೆ. ಮಣ್ಣು ಹೇಳಿದ್ದನ್ನು ಅದು ಹಾಗೆಯೇ ಬರೆದುಕೊಂಡಿತು.

ಮಣ್ಣಿನಂತೆ ಆಕಾರ ಬದಲಿಸುವ ಕಾಯಿಲೆ ರಬ್ಬರಿಗೂ ಉಂಟು. ಬಗ್ಗುವುದರಿಂದ ಬಿಡಿಸಲು ಸುಲಭ, ಆದರೆ ಪ್ಲಾಸ್ಟರಿನ ಭಾರಕ್ಕೆ ಹೊಟ್ಟೆ ಉಬ್ಬಿಸಿಕೊಂಡು ಕೊಂಬನ್ನು ಗೆಣಸು ಮಾಡಿಬಿಡುತ್ತದೆ. ಹಾಗಾಗಿ ಸುಲಿಯುವ ಮೊದಲೇ ರಬ್ಬರಿನ ಮೇಲೆ ಪ್ಲಾಸ್ಟರಿನ ಗಟ್ಟಿ ಹೊರಕವಚ ಕಟ್ಟಿಕೊಳ್ಳುತ್ತೇವೆ. ರಬ್ಬರನ್ನು ಅದರೊಳಗೆ ಕೂರಿಸಿಯೇ ಸುರಿಯುವುದು.